ಬಿಲ್ಲಿನ ಕೊನೇ ಸಾಲಲ್ಲಿರೋ ತೆರಿಗೆ

ಈಗ ಸ್ಕ್ರೀನ್ ಮೇಲೆ ಒಂದು ಬಿಲ್ ಕಾಣ್ತಿದೆಯಲ್ಲ, ಅದರ ಕೆಳಗಡೆ ಸಣ್ಣಕ್ಷರದಲ್ಲಿ ಟ್ಯಾಕ್ಸ್ ಅಂತಿದೆ ನೋಡಿ, ಅದನ್ನ ಓದೋರು ತುಂಬಾ ಕಮ್ಮಿ. ಅದಕ್ಕೇ ಎಷ್ಟೋ ಜನ "ನನ್ನ ದುಡಿಮೆನೇ ಅಷ್ಟಕ್ಕಷ್ಟೆ, ನಾನೆಲ್ಲಿ ಟ್ಯಾಕ್ಸ್ ಕಟ್ತೀನಿ" ಅಂತಾರೆ. ಕಟ್ತಿದಾರೆ, ಏನಾದ್ರೂ ಕೊಂಡಾಗೆಲ್ಲಾ ಕಟ್ತಾನೇ ಇದಾರೆ.

ಆದಾಯ, ಕಂಪನಿ ಲಾಭದ ಮೇಲೆ ಹಾಕೋದು ನೇರ ತೆರಿಗೆ, ಸಾಮಾನು ಸರ್ವೀಸ್ ಮೇಲೆ ಹಾಕೋದು ಪರೋಕ್ಷ ತೆರಿಗೆ, ಇಷ್ಟು ಗೊತ್ತಿದ್ರೆ ಸಾಕು. ಈಗ ಒಂದು ಸಾಮಾನಿನ ಬೆಲೆಯಲ್ಲಿ 10 ರೂಪಾಯಿ ತೆರಿಗೆ ಸೇರಿದೆ ಅನ್ಕೊಳ್ಳಿ. 100 ರೂಪಾಯಿ ದುಡಿಯೋರಿಗೆ ಅದು ದುಡಿಮೆಯ ಹತ್ತರಲ್ಲಿ ಒಂದು ಪಾಲು, 1000 ರೂಪಾಯಿ ದುಡಿಯೋರಿಗೆ ನೂರರಲ್ಲಿ ಒಂದು ಪಾಲು. ನಂಗೆ ಬೇಜಾರಾಗೋದು ಇಲ್ಲೇ.

ಹಾಗಂತ ಪರೋಕ್ಷ ತೆರಿಗೆನ ಕಿತ್ತಾಕಿ ಅನ್ನೋಕಾಗಲ್ಲ. ಆದಾಯ ತೆರಿಗೆ ವಸೂಲಿ ಮಾಡ್ಬೇಕಂದ್ರೆ ಒಬ್ಬೊಬ್ಬರ ಆದಾಯದ ಲೆಕ್ಕ ಬೇಕು, ಕೂಲಿ, ಸಣ್ಣಪುಟ್ಟ ವ್ಯಾಪಾರನೇ ಜಾಸ್ತಿ ಇರೋ ದೇಶದಲ್ಲಿ ಆ ಲೆಕ್ಕ ಎಲ್ಲಿಂದ ಬರ್ಬೇಕು ಹೇಳಿ. 1954ರಲ್ಲಿ ಫ್ರಾನ್ಸ್‌ನಲ್ಲಿ ಮೋರಿಸ್ ಲೋರೆ ಅನ್ನೋ ತೆರಿಗೆ ಅಧಿಕಾರಿ ವ್ಯಾಟ್, ಅಂದ್ರೆ ಮೌಲ್ಯವರ್ಧಿತ ತೆರಿಗೆ ಅನ್ನೋ ಪರೋಕ್ಷ ತೆರಿಗೆ ತಂದ್ರು, ಅದರಲ್ಲಿ ವ್ಯಾಪಾರಿ ತಾನು ಕೊಂಡಾಗ ಕೊಟ್ಟ ತೆರಿಗೆನ ಕಳೆದುಕೊಂಡು ಉಳಿದಿದ್ದನ್ನ ಕಟ್ಟಬಹುದು, ಆದ್ರೆ ಕಳೀಬೇಕಂದ್ರೆ ಬಿಲ್ ಬೇಕು, ಹಂಗಾಗಿ ಅವನೇ ಬಿಲ್ ಕೇಳಿ ಇಸ್ಕೋತಾನೆ, ಲೆಕ್ಕ ತಾನಾಗೇ ಸಿಗುತ್ತೆ. ಇವತ್ತು 170ಕ್ಕೂ ಜಾಸ್ತಿ ದೇಶಗಳಲ್ಲಿ ಈ ಥರದ ತೆರಿಗೆ ಇದೆ.

ಹಾಗಾಗಿ ಎರಡೂ ತೆರಿಗೆ ಬೇಕು, ಆದ್ರೆ ಅವೆರಡರ ನಡುವೆ ಬ್ಯಾಲೆನ್ಸ್ ಇರ್ಬೇಕು, ಅದಕ್ಕೆ ಬ್ರಿಟನ್ ಕಥೆ ಕೇಳಿ. ಫ್ರಾನ್ಸ್ ಜೊತೆ ಯುದ್ಧದ ಖರ್ಚಿಗೆ ಅಂತ 1799ರಲ್ಲಿ ಪ್ರಧಾನಿ ಪಿಟ್ ಆದಾಯ ತೆರಿಗೆ ಶುರು ಮಾಡಿದ್ರು, ಯುದ್ಧ ಮುಗಿದ ಮೇಲೆ 1816ರಲ್ಲಿ ಪಾರ್ಲಿಮೆಂಟ್ ಅದನ್ನ ತೆಗೆದುಹಾಕ್ತು, ಆಮೇಲೆ ಖಜಾನೆಯ ಭಾರ ಎಲ್ಲಾ ಹೆಚ್ಚುಕಮ್ಮಿ ಜನ ದಿನಾ ಕೊಳ್ಳೋ ಸಾಮಾನಿನ ಸುಂಕದ ಮೇಲೇ ಬಿತ್ತು. 1842ರಲ್ಲಿ ಪ್ರಧಾನಿ ಪೀಲ್ ವರ್ಷಕ್ಕೆ 150 ಪೌಂಡ್‌ಗಿಂತ ಜಾಸ್ತಿ ಆದಾಯ ಇರೋರಿಗೆ ಮಾತ್ರ ಆದಾಯ ತೆರಿಗೆ ವಾಪಸ್ ತಂದು, ಜೊತೆಗೇ ನೂರಾರು ಸಾಮಾನಿನ ಆಮದು ಸುಂಕ ಇಳಿಸಿದ್ರು. ಒಂದನ್ನ ಏರಿಸಿ ಇನ್ನೊಂದನ್ನ ಇಳಿಸೋದು, ಬ್ಯಾಲೆನ್ಸ್ ಅಂದ್ರೆ ನನ್ ಪ್ರಕಾರ ಇದೇ.

ಕೆಲವರು ಡೆನ್ಮಾರ್ಕ್ ತೋರಿಸ್ತಾರೆ, ಅಲ್ಲಿ ವ್ಯಾಟ್ 25 ಪರ್ಸೆಂಟ್ ಇದೆ, ಜನ ಚೆನ್ನಾಗೇ ಇದಾರಲ್ಲ ಅಂತ. ನಿಜ, ಆದ್ರೆ ಅಲ್ಲಿ ಆದಾಯ ತೆರಿಗೆನೂ ಜಾಸ್ತಿ, ಆ ದುಡ್ಡು ಓದು, ಆಸ್ಪತ್ರೆ ರೂಪದಲ್ಲಿ ಜನಕ್ಕೆ ವಾಪಸ್ಸೂ ಬರುತ್ತೆ. ಶ್ರೀಮಂತರ ಮೇಲಿನ ತೆರಿಗೆನೂ ಕಮ್ಮಿ, ವಾಪಸ್ ಬರೋದೂ ಕಮ್ಮಿ ಇರೋ ದೇಶದಲ್ಲಿ ಅದೇ 25 ಹಾಕಿದ್ರೆ ಬಡವರು ಎರಡೂ ಕಡೆ ಕಳ್ಕೋತಾರೆ, ಅದನ್ನ ನಾನಂತೂ ಒಪ್ಪಲ್ಲ.