ನಮ್ಮನ್ನು ಸಹಿಸಿಕೊಳ್ಳಬೇಡಿ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪದದ ಬಗ್ಗೆ ಮಾತಾಡುತ್ತೇನೆ. ಧಾರ್ಮಿಕ ಸಹನೆ ಅಂತ ನಾವು ಎಷ್ಟೋ ಸಲ ಹೇಳುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ನಾವು ಸಹಿಸುವುದು ಏನನ್ನು? ತಲೆನೋವನ್ನು. ಸುಡುವ ಬಿಸಿಲನ್ನು. ಇಷ್ಟವಿಲ್ಲದಿದ್ದರೂ ಬೇರೆ ದಾರಿ ಕಾಣದೆ ಸಹಿಸುತ್ತೇವೆ, ಅಲ್ವಾ? ಪಕ್ಕದ ಮನೆಯವರು ನಮ್ಮನ್ನು ಇಷ್ಟು ದಿನ ಸುಮ್ನೆ ಸಹಿಸಿಕೊಂಡಿದ್ದರು ಅಂತ ಗೊತ್ತಾದರೆ ಮನಸ್ಸಿಗೆ ಹೇಗಾಗುತ್ತದೆ, ಯೋಚಿಸಿ.

1789ರ ಆಗಸ್ಟ್‌ನಲ್ಲಿ, ಕ್ರಾಂತಿ ಶುರುವಾದ ಹೊಸದರಲ್ಲಿ, ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ಒಬ್ಬರು ಎದ್ದು ನಿಂತು ಇದನ್ನೇ ಕೇಳಿದರು. ಅವರ ಹೆಸರು ರಬೋ ಸೇಂತ್ ಎತಿಯೆನ್. ನೀಮ್ ಎಂಬ ಊರಿನ ಪ್ರೊಟೆಸ್ಟೆಂಟ್ ಪಾದ್ರಿ. ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಅವರ ಮುಂದೆ ನಿಂತು, ನಾನು ಕೇಳುತ್ತಿರುವುದು ಸಹನೆಯನ್ನಲ್ಲ, ಸ್ವಾತಂತ್ರ್ಯವನ್ನು ಎಂದರು. ಆ ಒಂದು ಮಾತಿನ ಹಿಂದೆ ಇನ್ನೂರು ವರ್ಷಗಳ ನೋವಿತ್ತು. ಇವತ್ತು ನಾನು ಹೇಳಬೇಕೆಂದಿರುವುದು ಆ ಕಥೆಯನ್ನು.

ಫ್ರಾನ್ಸಿನಲ್ಲಿ ಕ್ಯಾಥೊಲಿಕರ ಮತ್ತು ಪ್ರೊಟೆಸ್ಟೆಂಟರ ನಡುವೆ 1562ರಲ್ಲಿ ಯುದ್ಧ ಶುರುವಾಯಿತು. ನಿಂತು ನಿಂತು ಮತ್ತೆ ಹೊತ್ತಿಕೊಳ್ಳುತ್ತಾ ಮೂವತ್ತಾರು ವರ್ಷ ನಡೆಯಿತು. 1572ರ ಆಗಸ್ಟ್ 24ರಂದು ಪ್ಯಾರಿಸ್ಸಿನಲ್ಲಿ ಪ್ರೊಟೆಸ್ಟೆಂಟರ ಕೊಲೆ ಶುರುವಾಗಿ ಬೇರೆ ಊರುಗಳಿಗೂ ಹಬ್ಬಿತು. ಆ ದಿನ ಮತ ಬದಲಿಸಲು ಒಪ್ಪಿ ಜೀವ ಉಳಿಸಿಕೊಂಡವರಲ್ಲಿ ಹೆನ್ರಿ ಎಂಬ ಯುವಕನೂ ಒಬ್ಬ. ಮುಂದೆ ಅವನೇ ನಾಲ್ಕನೇ ಹೆನ್ರಿ ಎಂಬ ರಾಜನಾದ. 1598ರಲ್ಲಿ ನಾಂತ್ ಊರಿನಲ್ಲಿ ಒಂದು ಆಜ್ಞೆ ಹೊರಡಿಸಿದ. ಪ್ರೊಟೆಸ್ಟೆಂಟರು ಗೊತ್ತುಮಾಡಿದ ಜಾಗಗಳಲ್ಲಿ ಪ್ರಾರ್ಥನೆ ಮಾಡಬಹುದು, ಸರ್ಕಾರಿ ಹುದ್ದೆಗೂ ಬರಬಹುದು ಎಂದ. ಪ್ಯಾರಿಸ್ಸಿನೊಳಗೆ ಮಾತ್ರ ಪ್ರಾರ್ಥನೆ ಕೂಡದು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ನನಗೆ ಆ ಆಜ್ಞೆಯ ಮೇಲೆ ನಿಜವಾಗಿ ಗೌರವವಿದೆ. ಎಷ್ಟೋ ಜೀವಗಳನ್ನು ಅದು ಉಳಿಸಿತು.

ಈ ಆಜ್ಞೆಯನ್ನು ಎಂದೆಂದಿಗೂ ರದ್ದು ಮಾಡುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. ಅದು ಬಾಳಿದ್ದು 87 ವರ್ಷ.

1685ರ ಅಕ್ಟೋಬರ್‌ನಲ್ಲಿ ಹೆನ್ರಿಯ ಮೊಮ್ಮಗ ಹದಿನಾಲ್ಕನೇ ಲೂಯಿ ಅದನ್ನು ರದ್ದು ಮಾಡಿದ. ಅದಕ್ಕೂ ಮೊದಲೇ ಪ್ರೊಟೆಸ್ಟೆಂಟರ ಮನೆಗಳಿಗೆ ಸೈನಿಕರನ್ನು ನುಗ್ಗಿಸಿ, ಮತ ಬದಲಿಸುವ ತನಕ ಅಲ್ಲೇ ತಿಂದುಂಡು ಕಾಟ ಕೊಡಲು ಬಿಟ್ಟಿದ್ದರು. ಈಗ ಪ್ರಾರ್ಥನಾ ಮಂದಿರಗಳನ್ನು ಕೆಡವಿದರು. ಪಾದ್ರಿಗಳು ಹದಿನೈದು ದಿನದಲ್ಲಿ ದೇಶ ಬಿಡಬೇಕು. ಉಳಿದವರು ಬಿಡುವಂತಿಲ್ಲ. ಓಡಿಹೋಗುವಾಗ ಸಿಕ್ಕಿಬಿದ್ದ ಗಂಡಸರು ಹಡಗಿನಲ್ಲಿ ಹುಟ್ಟುಹಾಕುವ ಶಿಕ್ಷೆಗೆ, ಹೆಂಗಸರು ಜೈಲಿಗೆ. ಆದರೂ ಸುಮಾರು ಎರಡು ಲಕ್ಷ ಜನ ತಪ್ಪಿಸಿಕೊಂಡು ಹೋದರು. ಇಂಗ್ಲಿಷಿಗೆ ರೆಫ್ಯೂಜಿ ಎಂಬ ಪದ ಬಂದದ್ದೇ ಇವರಿಂದ.

ಉಳಿದವರು ಬೆಟ್ಟಗಳ ಮರೆಯಲ್ಲಿ, ನಿರ್ಜನ ಜಾಗಗಳಲ್ಲಿ ಕದ್ದು ಸೇರುತ್ತಿದ್ದರು. ಆ ಕೂಟಗಳನ್ನು ಅವರೇ 'ಮರುಭೂಮಿ' ಎಂದು ಕರೆದರು. ಅಲ್ಲಿ ಹಾಗೆ ಪಾದ್ರಿಯಾಗಿದ್ದವನು ಪಿಯೆರ್ ಡುರಾನ್. ಅವನನ್ನು 1732ರಲ್ಲಿ ಗಲ್ಲಿಗೇರಿಸಿದರು. ಆದರೆ ಅದಕ್ಕೆ ಎರಡು ವರ್ಷ ಮೊದಲೇ ಅವನ ತಂಗಿ ಮಾರೀಯನ್ನು ಹಿಡಿದು, ಎಗ್‌ಮೋರ್ತ್ ಊರಿನ ಕಾನ್‌ಸ್ಟಾನ್ಸ್ ಗೋಪುರದೊಳಗೆ ಹಾಕಿದ್ದರು. ಅವಳಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಮಾಡಿದ ತಪ್ಪು ಏನು? ಅವನ ತಂಗಿಯಾಗಿದ್ದದ್ದು.

ಹೊರಗೆ ಬರುವುದು ಕಷ್ಟವೇನೂ ಇರಲಿಲ್ಲ. ನನ್ನ ನಂಬಿಕೆ ಬಿಟ್ಟೆ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾರೀ ಆ ಮಾತು ಹೇಳಲಿಲ್ಲ. ದಪ್ಪ ಕಲ್ಲಿನ ಗೋಡೆ, ಸಣ್ಣ ಸಣ್ಣ ಕಿಂಡಿ, ಚಳಿಗಾಲದ ಥಂಡಿ. ಅಲ್ಲಿದ್ದುಕೊಂಡೇ ಅವಳು ಪತ್ರ ಬರೆದಳು. ಜೊತೆಯ ಕೈದಿ ಹೆಂಗಸರಿಗೆ ಬಟ್ಟೆ ಬೇಕು, ದುಡ್ಡು ಬೇಕು, ಯಾರಾದರೂ ಕಳಿಸಿಕೊಡಿ ಎಂದು ಕೇಳಿದಳು. ಆ ಗೋಪುರದ ನೆಲದ ಕಲ್ಲಿನ ಮೇಲೆ ಒಂದೇ ಒಂದು ಪದ ಕೆತ್ತಿದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಜಗ್ಗಬೇಡ. ಅದನ್ನು ಕೆತ್ತಿದವಳು ಮಾರೀಯೇ ಅಂತ ಜನ ನಂಬುತ್ತಾರೆ. 1768ರಲ್ಲಿ ಅವಳನ್ನು ಬಿಟ್ಟರು. ಮೂವತ್ತೆಂಟು ವರ್ಷ! ಈ ಲೆಕ್ಕ ಹೇಳುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ.

ಅವಳ ಪತ್ರಗಳು ಹೋಗುತ್ತಿದ್ದವರಲ್ಲಿ ಪಾಲ್ ರಬೋ ಎಂಬ ಪಾದ್ರಿಯೂ ಇದ್ದರು. ಸಿಕ್ಕರೆ ಗಲ್ಲು ಎಂಬ ಭಯದಲ್ಲೇ ಎಷ್ಟೋ ವರ್ಷ ತಲೆಮರೆಸಿಕೊಂಡು ಊರೂರು ತಿರುಗಿದವರು. 1789ರಲ್ಲಿ ಸಭೆಯಲ್ಲಿ ಎದ್ದು ನಿಂತವರು ಅವರ ಮಗ.

ಈ ನಡುವೆ ಕಾಲ ಸ್ವಲ್ಪ ಮೆತ್ತಗಾಗಿತ್ತು. 1762ರಲ್ಲಿ ತುಲೂಸ್‌ನಲ್ಲಿ ಝಾನ್ ಕಲಾಸ್ ಎಂಬ ಪ್ರೊಟೆಸ್ಟೆಂಟ್ ಬಟ್ಟೆ ವ್ಯಾಪಾರಿಯನ್ನು, ಮಗನನ್ನು ಕೊಂದ ಎಂಬ ಸುಳ್ಳು ಆರೋಪದ ಮೇಲೆ ಚಿತ್ರಹಿಂಸೆ ಕೊಟ್ಟು ಸಾಯಿಸಿದ್ದರು. ಹೆಸರಾಂತ ಲೇಖಕ ವೋಲ್ಟೇರ್ ಪಟ್ಟು ಹಿಡಿದು ಬರೆದದ್ದರಿಂದ ಮೂರು ವರ್ಷದ ನಂತರ ತೀರ್ಪು ತಿರುಗಿತು. 1787ರಲ್ಲಿ ಹದಿನಾರನೇ ಲೂಯಿ ಹೊಸ ಆಜ್ಞೆ ಕೊಟ್ಟ. ಅಲ್ಲಿಯವರೆಗೆ ಹುಟ್ಟು, ಮದುವೆ, ಸಾವು ಬರೆಯುವ ರಿಜಿಸ್ಟರ್ ಕ್ಯಾಥೊಲಿಕ್ ಪಾದ್ರಿಯ ಕೈಯಲ್ಲಿತ್ತು. ಕದ್ದು ಮದುವೆಯಾದವರ ಮದುವೆ ಕಾನೂನಿಗೆ ಲೆಕ್ಕವಿಲ್ಲ, ಮಕ್ಕಳಿಗೆ ತಂದೆಯ ಆಸ್ತಿಯ ಮೇಲೆ ಗಟ್ಟಿ ಹಕ್ಕಿಲ್ಲ. ಈಗ ನ್ಯಾಯಾಧೀಶರ ಮುಂದೆ ಬರೆಸಬಹುದು ಎಂದಾಯಿತು. ಇದಕ್ಕಾಗಿ ಮಗ ರಬೋ ಪ್ಯಾರಿಸ್ಸಿನಲ್ಲಿ ಓಡಾಡಿದ್ದರು. ಆದರೆ ಬಹಿರಂಗ ಪ್ರಾರ್ಥನೆಗೆ ಇನ್ನೂ ಅನುಮತಿ ಇರಲಿಲ್ಲ. ಇದ್ದೀರಿ ಅಂತ ಒಪ್ಪಿದ್ದೇವೆ, ಕಾಣಿಸಿಕೊಳ್ಳಬೇಡಿ ಅಂದ ಹಾಗೆ.

ಅದಕ್ಕೇ ಎರಡು ವರ್ಷದ ನಂತರ ಅವರು ಸಹನೆ ಎಂಬ ಪದವನ್ನೇ ಬೇಡ ಎಂದರು. ಅದೇ ಚರ್ಚೆಯಲ್ಲಿ ಮಿರಾಬೋ ಎಂಬ ನಾಯಕ ಇನ್ನೂ ಬಿಡಿಸಿ ಹೇಳಿದ. ಸಹಿಸುವ ಅಧಿಕಾರ ಯಾರಿಗಿದೆಯೋ, ಸಹಿಸದೆ ಇರುವ ಅಧಿಕಾರವೂ ಅವರಿಗೇ ಇರುತ್ತದೆ ಎಂದ. ರಬೋ ತಮ್ಮವರಿಗಾಗಿ ಮಾತ್ರ ಕೇಳಲಿಲ್ಲ. ಯಹೂದಿಗಳಿಗೂ ಅದೇ ಸ್ವಾತಂತ್ರ್ಯ, ಅದೇ ಸಮಾನತೆ ಬೇಕು ಎಂದರು. ನನಗೆ ಅವರ ಮೇಲೆ ಪ್ರೀತಿ ಜಾಸ್ತಿಯಾದದ್ದು ಇಲ್ಲೇ. ಪ್ರೊಟೆಸ್ಟೆಂಟರಿಗೆ ಆ ವರ್ಷದ ಕೊನೆಯೊಳಗೆ ಎಲ್ಲ ಹುದ್ದೆಗಳ ಬಾಗಿಲು ತೆರೆಯಿತು. ಎಲ್ಲ ಯಹೂದಿಗಳಿಗೆ ಸಮಾನ ಪೌರತ್ವ ಸಿಗಲು 1791ರ ಸೆಪ್ಟೆಂಬರ್ ಬರಬೇಕಾಯಿತು. 1790ರ ಮಾರ್ಚ್‌ನಲ್ಲಿ ರಬೋ ಅದೇ ಸಭೆಯ ಅಧ್ಯಕ್ಷರಾದರು. ತಲೆಮರೆಸಿಕೊಂಡು ಬದುಕಿದವರ ಮಗ!

ಇಲ್ಲಿಗೇ ಕಥೆ ಮುಗಿಸಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಅದು ಸುಳ್ಳಾಗುತ್ತದೆ. ರಾಜನ ಮನಸ್ಸಿನ ಮೇಲೆ ನಿಂತ ಹಕ್ಕು ಮುರಿದದ್ದನ್ನು ನೋಡಿದೆವು. ಜನರ ಹೆಸರಿನಲ್ಲಿ ಆಳಿದವರೂ ಅದನ್ನು ಮುರಿದರು. 1793ರಲ್ಲಿ, ರಾಜನನ್ನು ಕೆಳಗಿಳಿಸಿ ಬಂದ ಕ್ರಾಂತಿಯ ಸರ್ಕಾರ ತನ್ನನ್ನು ಒಪ್ಪದವರ ತಲೆ ಕಡಿಯತೊಡಗಿತು. ಕ್ಯಾಥೊಲಿಕ್ ಚರ್ಚುಗಳನ್ನೂ ಪ್ರೊಟೆಸ್ಟೆಂಟ್ ಮಂದಿರಗಳನ್ನೂ ಮುಚ್ಚಿಸಿದರು. ಆ ಸರ್ಕಾರವನ್ನು ವಿರೋಧಿಸಿ ಅಡಗಿದ್ದ ಮಗ ರಬೋ ಸಿಕ್ಕಿಬಿದ್ದರು. ಡಿಸೆಂಬರ್ 5ರಂದು ಅವರನ್ನು ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಕೊಟ್ಟರು.

ಅಪ್ಪ ಇನ್ನೂ ಬದುಕಿದ್ದರು. ನೀಮ್‌ನಲ್ಲಿ ಪ್ರೊಟೆಸ್ಟೆಂಟರಿಗೆ ಬಹಿರಂಗವಾದ ಒಂದು ಮಂದಿರ ಸಿಕ್ಕಾಗ, 1792ರಲ್ಲಿ, ಅಲ್ಲಿ ಪ್ರಾರ್ಥನೆ ಸಲ್ಲಿಸಿದವರು ಅದೇ ಪಾಲ್ ರಬೋ. ರಾಜರ ಕಾಲದಲ್ಲಿ ಎಂದೂ ಕೈಗೆ ಸಿಗದ ಆ ಮುದುಕರನ್ನು 1794ರಲ್ಲಿ ಜೈಲಿಗೆ ಹಾಕಿದರು. ಬಿಡುಗಡೆಯಾಗಿ ಬಂದು ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅವರನ್ನು ಅವರ ಮನೆಯ ನೆಲಮಾಳಿಗೆಯಲ್ಲೇ ಮಣ್ಣು ಮಾಡಿದರು.