ಒಗರಿನ ದ್ರಾಕ್ಷಿ

ಕೇಳುಗರಿಗೆ ನಮಸ್ಕಾರ.

ಅಡಿಕೆ ಸೀಮೆಯವರಿಗೆ ಚೊಗರು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದಾಗ ಕೆಂಪಗೆ, ಮಂದವಾಗಿ ಒಂದು ನೀರು ಉಳಿಯುತ್ತದಲ್ಲ, ಅದೇ ಚೊಗರು. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. ನಾಲಿಗೆಗೆ ತಾಗಿದರೆ ಬಾಯೆಲ್ಲ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಚಿಕ್ಕವನಿದ್ದಾಗ ಬೆಲ್ಲದ ನೀರು ಅಂದುಕೊಂಡು ಅದರಲ್ಲಿ ಬೆರಳದ್ದಿ ನೆಕ್ಕಿದವನು ನಾನು.

ಆ ರುಚಿ ಮತ್ತೆ ನೆನಪಾದದ್ದು ನಲವತ್ತು ವರ್ಷಗಳ ಮೇಲೆ, ಫ್ರಾನ್ಸಿನ ತುಲೂಸ್ ಊರಿನಲ್ಲಿ. ನನ್ನ ತಮ್ಮನ ಮಗ ಅಲ್ಲಿ ಕೆಲಸದಲ್ಲಿದ್ದಾನೆ. "ದೊಡ್ಡಪ್ಪ, ಈ ಕಡೆಯದ್ದೇ ವೈನ್, ಸ್ವಲ್ಪ ನೋಡಿ" ಅಂತ ಬಾಟಲಿ ಬಿಚ್ಚಿ ಆಗಲೇ ಗ್ಲಾಸಿಗೆ ಸುರಿದ. ಅದರ ಬಣ್ಣವನ್ನು ಕೆಂಪು ಅನ್ನುವ ಹಾಗಿಲ್ಲ. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ. ಒಂದು ಗುಟುಕು ಕುಡಿದೆ. ಹಂಡೆಯ ಮುಂದೆ ನಿಂತ ಹುಡುಗ ಆಗಿಬಿಟ್ಟೆ! ಇಬ್ಬರೂ ಮುಖ ಮುಖ ನೋಡಿಕೊಂಡೆವು. ಬಾಟಲಿಗೆ ಬಿರಡೆ ಹಾಕಿ ಅಡುಗೆಮನೆಯ ಮೂಲೆಗೆ ಇಟ್ಟೆವು.

ಬಾಟಲಿಯ ಮೇಲಿದ್ದ ಹೆಸರು ಮದಿರಾನ್. ಅದು ಊರಿನ ಹೆಸರು. ಒಳಗಿದ್ದ ದ್ರಾಕ್ಷಿಯ ಹೆಸರು ತನ್ನಾತ್. ಫ್ರೆಂಚರು ಕೊನೆಯ ಅಕ್ಷರ ನುಂಗಿ 'ತನಾ' ಅನ್ನುತ್ತಾರೆ, ನಾವೂ ಹಾಗೇ ಕರೆಯೋಣ. ಕ್ಯಾಬರ್ನೆ, ಮೆರ್ಲೊ ಅನ್ನುವ ಹೆಸರುಗಳನ್ನು ವೈನ್ ಮುಟ್ಟದವರೂ ಎಲ್ಲಾದರೂ ಕೇಳಿರುತ್ತಾರೆ. ಈ ತನಾ ಹೆಸರು ವೈನ್ ಕುಡಿಯುವವರಿಗೇ ಎಷ್ಟೋ ಸಲ ಹೊಸದು.

ಹೆಸರಿನಲ್ಲೇ ಅದರ ಗುಣ ಕೂತಿದೆ. ತೊಗಲು ಹದ ಮಾಡಲು ಯುರೋಪಿನಲ್ಲಿ ಓಕ್ ಮರದ ತೊಗಟೆ ಬಳಸುತ್ತಿದ್ದರು. ನಮ್ಮಲ್ಲಿ ಅದೇ ಕೆಲಸಕ್ಕೆ ತಂಗಡಿ ತೊಗಟೆ, ಅಳಲೆಕಾಯಿ ಇದ್ದವು. ಆ ತೊಗಟೆಯನ್ನು ಕರೆಯುವ 'ತಾನ್' ಎಂಬ ಮಾತಿನಿಂದ, ಒಗರು ಕೊಡುವ ಪದಾರ್ಥಕ್ಕೆ ಟ್ಯಾನಿನ್ ಅನ್ನುವ ಹೆಸರು ಬಂತು. ತನಾ ಕೂಡ ಅದೇ ಬಳಗದ ಹೆಸರು. ಅಳಲೆಕಾಯಿ ಕಚ್ಚಿದವರಿಗೆ ಟ್ಯಾನಿನ್ ಏನು ಅಂತ ಬೇರೆ ಪಾಠ ಬೇಡ. ನಮ್ಮ ಎಂಜಲಿನಲ್ಲಿ ಬಾಯಿಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಬಂದು ಅವನ್ನು ಹಿಡಿದುಕೊಳ್ಳುತ್ತದೆ. ನುಣುಪು ಹೋಯಿತು, ಬಾಯಿ ತರಿತರಿ. ಹಾಗಾಗಿ ಒಗರು ರುಚಿಗಿಂತ ಜಾಸ್ತಿ ಸ್ಪರ್ಶ ಅನ್ನುತ್ತಾರೆ ವಿಜ್ಞಾನಿಗಳು. ನಮ್ಮ ಹಿರಿಯರು ಮಾತ್ರ ಅದನ್ನು ಆರು ರುಚಿಗಳಲ್ಲಿ ಒಂದು ಅಂತ ಎಣಿಸಿ, ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿದರು. ನನಗೆ ಹಿರಿಯರ ಲೆಕ್ಕವೇ ಇಷ್ಟ.

ಮದಿರಾನ್ ಇರುವುದು ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ವೈನಿಗೆ ಹೆಸರಾದ ಬೋರ್ಡೋದಿಂದ ಇನ್ನೂ ದಕ್ಷಿಣಕ್ಕೆ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಪಿರನೀಸ್ ಬೆಟ್ಟಗಳ ಸಾಲು ಕಾಣುತ್ತದೆ. ಸ್ಪೇನಿನ ಸಾಂತಿಯಾಗೋಗೆ ನಡೆದು ಹೋಗುವ ಯಾತ್ರಿಕರ ದಾರಿ ಈ ಸೀಮೆಯಲ್ಲೇ ಹಾಯುತ್ತದೆ. ಮದಿರಾನ್ ಎಂಬ ಹೆಸರಿಗೆ 1948ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಈಗಿನ ನಿಯಮದಂತೆ ಈ ಹೆಸರು ಹೊತ್ತ ತೋಟದಲ್ಲಿ ತನಾ ಬಳ್ಳಿಯದೇ ದೊಡ್ಡ ಪಾಲು ಇರಬೇಕು.

ಆದರೆ ಹೆಸರಿಗೆ ರಕ್ಷಣೆ ಸಿಗುವ ಹೊತ್ತಿಗೆ ಬಳ್ಳಿಗಳೇ ಕಡಿಮೆಯಾಗಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಫಿಲೊಕ್ಸೆರಾ ಅನ್ನುವ ಸಣ್ಣ ಹೇನು ಯುರೋಪಿನ ಬಹುಪಾಲು ದ್ರಾಕ್ಷಿ ತೋಟಗಳನ್ನು ಬೇರಿನಿಂದ ತಿಂದು ಹಾಕಿತು. ಬಂದದ್ದು ಅಮೆರಿಕದಿಂದ. ಮದ್ದು ಸಿಕ್ಕಿದ್ದೂ ಅಲ್ಲಿಂದಲೇ. ಅಮೆರಿಕದ ಬಳ್ಳಿಯ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರು. ಅಂದಹಾಗೆ, ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲೂ ಅಮೆರಿಕದ ಕಾಡು ಬಳ್ಳಿಯ ರಕ್ತ ಇದೆ. ಆ ಘಮ್ಮೆನ್ನುವ ವಾಸನೆ ಅಲ್ಲಿಂದ ಬಂದದ್ದು.

ಮದಿರಾನ್ ಪಕ್ಕದಲ್ಲೇ ಸಾರಗಾಶಿ ಅಂತ ಒಂದು ಹಳ್ಳಿ. ಅಲ್ಲಿ ಒಂದು ಪುಟ್ಟ ತೋಟ ಆ ಹೇನಿನಿಂದ ಪಾರಾಯಿತು. ಕಾರಣ ಮರಳು. ಮರಳು ಮಣ್ಣಿನಲ್ಲಿ ಆ ಹೇನಿಗೆ ಬದುಕಲು ಆಗುವುದಿಲ್ಲ. ಸುಮಾರು 200 ವರ್ಷದ ಬಳ್ಳಿಗಳು, ಸ್ವಂತ ಬೇರಿನ ಮೇಲೇ ನಿಂತಿವೆ. ಒಂದೊಂದು ಗುಂಡಿಗೆ ಎರಡೆರಡು ಬಳ್ಳಿ. ಪರೀಕ್ಷೆ ಮಾಡಿ ನೋಡಿದರೆ ಆ ಅಂಗೈ ಅಗಲದ ಜಾಗದಲ್ಲಿ 21 ತಳಿ! ಅದರಲ್ಲಿ ಕೆಲವಕ್ಕೆ ಹೆಸರೇ ಗೊತ್ತಿಲ್ಲ. 2012ರಲ್ಲಿ ಫ್ರಾನ್ಸ್ ಸರ್ಕಾರ ಆ ತೋಟವನ್ನು ಚಾರಿತ್ರಿಕ ಸ್ಮಾರಕ ಅಂತ ಪಟ್ಟಿಗೆ ಸೇರಿಸಿತು. ಕೋಟೆಗೆ, ಚರ್ಚಿಗೆ ಕೊಡುವ ಮರ್ಯಾದೆ ಬಳ್ಳಿಗೆ. ನಮ್ಮಲ್ಲಿ ಹಳೇ ಮಾವಿನ ತೋಪಿಗೆ ಯಾರಾದರೂ ಹಾಗೆ ಬೋರ್ಡು ಹಾಕಿಸಿದ್ದರೆ ಅನ್ನಿಸಿತು, ಸುಮ್ನೆ.

ಸರಿ, ಒಗರಿಗೆ ಬರೋಣ. ಇಷ್ಟು ಒಗರಿನ ದ್ರಾಕ್ಷಿಯನ್ನು ಏನು ಮಾಡುವುದು? ಹಳೇ ಕಾಲದವರ ಉತ್ತರ: ಕಾಯುವುದು. ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ, ಮರದ ಸಂದಿಯಿಂದ ಚೂರುಚೂರೇ ಗಾಳಿಯಾಡುತ್ತದೆ. ಟ್ಯಾನಿನ್ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೆತ್ತಗಾಗುತ್ತವೆ. ಕಾಯಲು ಆಗದವರು ಕ್ಯಾಬರ್ನೆ ಬೆರೆಸಿ ಮೃದು ಮಾಡುತ್ತಿದ್ದರು.

ಮದಿರಾನ್‌ನ ವೈನ್ ತಯಾರಕ ಆಲೇನ್ ಬ್ರುಮೋಂಗೆ ಈ ಬೆರಕೆ ಹಿಡಿಸಲಿಲ್ಲ. ಅವರು 1980ರಲ್ಲಿ ಮೋಂಟೂಸ್ ಅನ್ನುವ ಹಳೇ ಎಸ್ಟೇಟನ್ನು ಕೊಂಡರು. ಕಲ್ಲುನೆಲದಲ್ಲಿ ತನಾ ನೆಟ್ಟರು. ಬರೀ ತನಾ ರಸವನ್ನು ಹೊಸ ಓಕ್ ಪೀಪಾಯಿಗೆ ತುಂಬಿದರು. ಹೊಸ ಓಕ್‌ನಲ್ಲೂ ಟ್ಯಾನಿನ್ ಇರುತ್ತದೆ. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಅಂದ ಹಾಗಾಯಿತು, ಅಲ್ವಾ? ಆದರೂ ಆ ವೈನ್ ಗೆದ್ದಿತು. ಮದಿರಾನ್ ಹೆಸರು ಊರಾಚೆ ಹೋದದ್ದು ಬಹುಪಾಲು ಅವರಿಂದ.

ಇನ್ನೊಬ್ಬರು ಪತ್ರಿಕ್ ದ್ಯುಕೂರ್ನೋ, ಅದೇ ಮದಿರಾನ್‌ನ ವೈನ್ ತಯಾರಕರು. ಪೀಪಾಯಿಯಿಂದ ಆಗುವ ಕೆಲಸವನ್ನು ಉಕ್ಕಿನ ತೊಟ್ಟಿಯಲ್ಲೇ ಮಾಡಿದರೆ ಹೇಗೆ ಅಂತ ಯೋಚಿಸಿದರು. 1991ರ ಹೊತ್ತಿಗೆ ತೊಟ್ಟಿಯ ತಳಕ್ಕೆ ಸಣ್ಣ ತೂತುಗಳ ಪಿಂಗಾಣಿ ತುಂಡು ಇಳಿಸಿ, ಅಳತೆ ಮಾಡಿದ ಆಮ್ಲಜನಕವನ್ನು ಗುಳ್ಳೆಗುಳ್ಳೆಯಾಗಿ ಬಿಟ್ಟರು. ಜಾಸ್ತಿಯಾದರೆ ವೈನ್ ಕೆಡುತ್ತದೆ, ಕಡಿಮೆಯಾದರೆ ಒಗರು ಬಿಡುವುದಿಲ್ಲ. ಯುರೋಪಿನ ಕಾನೂನು 1996ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಬೋರ್ಡೋದ ದೊಡ್ಡವರೂ ಈ ಉಪಾಯ ಬಳಸುತ್ತಾರೆ. ಮೂಲ ಮಾತ್ರ ಈ ಮೊಂಡು ದ್ರಾಕ್ಷಿ. ಮೆತ್ತಗಿನ ದ್ರಾಕ್ಷಿ ಬೆಳೆಯುವವರಿಗೆ ಇಂಥದ್ದೆಲ್ಲ ಹೊಳೆಯುತ್ತಿತ್ತಾ?

ತನಾ ಬಗ್ಗೆ ಮಾತೆತ್ತಿದರೆ ಯಾರಾದರೂ ಹೃದಯಕ್ಕೆ ಒಳ್ಳೆಯದಂತೆ ಅನ್ನುತ್ತಾರೆ. 2006ರಲ್ಲಿ ಲಂಡನ್ನಿನ ರೋಜರ್ ಕಾರ್ಡರ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಬರೆದ ಲೇಖನ ಇದಕ್ಕೆ ಕಾರಣ. ರಕ್ತನಾಳಕ್ಕೆ ಹಿತವಾದ ಪದಾರ್ಥ ಈ ಸೀಮೆಯ ವೈನಿನಲ್ಲಿ ಹೆಚ್ಚು ಅಂತ ಅದರಲ್ಲಿತ್ತು. ಆದರೆ ಮದ್ಯ ಎಷ್ಟೇ ಕಡಿಮೆ ಕುಡಿದರೂ ಪೂರ್ತಿ ಸುರಕ್ಷಿತ ಅನ್ನುವ ಹಾಗಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಔಷಧಿ ಅಂತ ಕುಡಿಯಬೇಡಿ. ಒಗರು ಬೇಕಿದ್ದರೆ ನೆಲ್ಲಿಕಾಯಿ ಇದೆ.

ಈ ದ್ರಾಕ್ಷಿ ಸಮುದ್ರವನ್ನೂ ದಾಟಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಪಾಸ್ಕುವಾಲ್ ಆರಿಯಾಗ್ ಅನ್ನುವ ವಲಸೆಗಾರರು ಇದನ್ನು ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಬೆಳೆಸಿದರು. ಅಲ್ಲಿ ಬಹಳ ಕಾಲ ದ್ರಾಕ್ಷಿಯನ್ನೇ ಆರಿಯಾಗ್ ಅಂತ ಕರೆದರು. ಇಂದು ಅದು ಆ ದೇಶದ ಹೆಮ್ಮೆ. ಅಲ್ಲಿನ ತನಾ ಸ್ವಲ್ಪ ಮೆದು ಅನ್ನುತ್ತಾರೆ.

ನಮ್ಮ ಆ ಬಾಟಲಿಯ ಕಥೆ ಬಾಕಿ ಇದೆ. ಮರುದಿನ ರಾತ್ರಿ ತಮ್ಮನ ಮಗ ಬಾತುಕೋಳಿಯ ಕಾಲು ತಂದಿದ್ದ. ಅದನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಬೇಯಿಸಿಟ್ಟಿರುತ್ತಾರೆ, ಆ ಸೀಮೆಯ ಮನೆಮನೆಯ ಅಡುಗೆ. ಬಿಸಿ ಮಾಡಿದ, ಜೊತೆಗೆ ಬಿಳಿ ಬೀನ್ಸ್. ಚೆಲ್ಲುವ ಬದಲು ನೋಡೋಣ ಅಂತ ಮೂಲೆಯಲ್ಲಿದ್ದ ಬಾಟಲಿ ತಂದೆವು. ಒಂದು ತುತ್ತು, ಒಂದು ಗುಟುಕು. ಇಡೀ ದಿನ ಒಳಗೆ ಕೂತ ಗಾಳಿ ತನ್ನ ಕೆಲಸ ಮಾಡಿತ್ತು. ಉಳಿದ ಒಗರಿಗೆ ಮಾಂಸ, ಕೊಬ್ಬು ಸಿಕ್ಕಿ ನಮ್ಮ ನಾಲಿಗೆಯನ್ನು ಬಿಟ್ಟಿತ್ತು. ಒಣ ದ್ರಾಕ್ಷಿ, ಜೇಷ್ಠಮಧು, ಒಂಚೂರು ಹೊಗೆಯ ವಾಸನೆ. ನಿನ್ನೆ ಇವೆಲ್ಲ ಎಲ್ಲಿದ್ದವೋ!

ಕೊನೆಗೆ ಬಾಟಲಿ ಬಗ್ಗಿಸಿದಾಗ ತಳದಿಂದ ಕಪ್ಪು ಗಸಿ ಬಂತು. ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿದೆ. ಹಂಡೆಯ ತಳದಲ್ಲಿ ಚೊಗರು ಹೀಗೇ ಕೂರುತ್ತದೆ. ಸೋಪು ಹಾಕಿ ತೊಳೆದರೂ ಬೆಳಗಿನವರೆಗೆ ಉಗುರಿನ ಸಂದಿಯಲ್ಲಿ ಬಣ್ಣ ಹಾಗೇ ಇತ್ತು.