ಯಾವ ಬದುವಿನ ಒಂದೆಲಗ?

ಎಲ್ಲರಿಗೂ ನಮಸ್ಕಾರ.

ನಿಮ್ಮ ಕೈಗೆ ಈಗ ಒಂದೊಂದು ಎಲೆ ಬಂದಿರಬೇಕು. ಹಿಂದಿನ ಸಾಲಿನವರಿಗೆ ಸಾಲದೆ ಹೋಗಿದ್ದರೆ ಪಕ್ಕದವರಿಂದ ಅರ್ಧ ಹರಿದುಕೊಳ್ಳಿ. ದಯವಿಟ್ಟು ಬಾಯಿಗೆ ಹಾಕಿಕೊಳ್ಳಬೇಡಿ. ಕಾರಣವನ್ನು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಎರಡು ಬೆರಳ ನಡುವೆ ಹಿಸುಕಿ ಮೂಸಿ ನೋಡಿ. ಮೊದಲು ಹಸಿ ಹುಲ್ಲಿನ ವಾಸನೆ ಬರುತ್ತದೆ, ಅದು ಹಾದುಹೋದ ಮೇಲೆ ಕ್ಯಾರೆಟ್ ಸೊಪ್ಪಿನದು, ಕೊನೆಗೆ ಮೂಗಿನಲ್ಲಿ ನಿಲ್ಲುವುದು ತೊಳೆದ ಕೊತ್ತಂಬರಿ ಬೇರಿನ ಘಮ. ಜೋರಾದ ವಾಸನೆಯಲ್ಲ, ಹುಡುಕಿದವರಿಗೆ ಮಾತ್ರ ಸಿಗುವಂಥದ್ದು.

ಇದು ಒಂದೆಲಗ. ಮಂಡ್ಯದ ಗದ್ದೆಬಯಲಿನಲ್ಲಿ ಬೆಳೆದವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಆದರೆ ಈ ಸಭೆಯಲ್ಲಿರುವ ಚಿಕ್ಕವರಲ್ಲಿ ಎಷ್ಟು ಜನ ಇದನ್ನು ತಾವೇ ಕಿತ್ತು ತಂದಿದ್ದೀರಿ ಎಂದು ಕೇಳಿದಾಗ ಎದ್ದ ಕೈಗಳನ್ನು ನೀವೂ ನೋಡಿದಿರಿ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಇವತ್ತು ಪಾಠಕ್ಕಿಂತ ಹೆಚ್ಚಾಗಿ ಅಜ್ಜಿಯಿಂದ ಕಲಿತದ್ದನ್ನು ಹೇಳಲು ಬಂದಿದ್ದೇನೆ.

ಮೊದಲು ಇದರ ನೆಂಟಸ್ತಿಕೆ. ಜೀರಿಗೆ, ಕೊತ್ತಂಬರಿ, ಸೋಂಪು, ಓಮ, ಸಬ್ಬಸಿಗೆ, ಕ್ಯಾರೆಟ್, ಕೊನೆಗೆ ಇಂಗು, ಎಲ್ಲವೂ ಒಂದೇ ಕುಟುಂಬ. ನಮ್ಮ ಒಗ್ಗರಣೆ ಡಬ್ಬಿಯ ಅರ್ಧ ಭಾಗ ಈ ಮನೆತನದ್ದೇ. ಸಸ್ಯಶಾಸ್ತ್ರದಲ್ಲಿ ಈಗ ಎಪಿಯೇಸಿ ಎನ್ನುತ್ತಾರೆ. ಹಿಂದೆ ಅಂಬೆಲ್ಲಿಫೆರೆ ಎನ್ನುತ್ತಿದ್ದರು, ಛತ್ರಿಯ ಕಡ್ಡಿಗಳಂತೆ ಒಂದೇ ಬಿಂದುವಿನಿಂದ ಹೂವಿನ ತೊಟ್ಟುಗಳು ಹರಡಿಕೊಳ್ಳುತ್ತವೆ ಎಂಬ ಕಾರಣಕ್ಕೆ. ಬೀಜಕ್ಕೆ ಬಿಟ್ಟ ಸಬ್ಬಸಿಗೆಯನ್ನು ನೋಡಿದವರಿಗೆ ಆ ಛತ್ರಿ ಗೊತ್ತಿರುತ್ತದೆ. ಒಂದೆಲಗದಲ್ಲೂ ಛತ್ರಿಯಿದೆ, ಆದರೆ ಮೂರು ನಾಲ್ಕು ಹೂಗಳಷ್ಟೇ. ಮಾಸಿದ ಕೆಂಪು ಬಣ್ಣ, ಅಕ್ಕಿನುಚ್ಚಿನ ಗಾತ್ರ, ಎಲೆಯ ಕೆಳಗೆ ನೆಲಕ್ಕೆ ತಾಗಿದಂತೆ ಇರುತ್ತವೆ. ಬಗ್ಗಿ ಎಲೆ ಸರಿಸದೆ ಕಾಣುವುದಿಲ್ಲ. 1753ರಲ್ಲಿ ಲಿನೇಯಸ್ ಇದಕ್ಕೆ ಹೈಡ್ರೊಕೋಟೈಲ್ ಏಷ್ಯಾಟಿಕ ಎಂದು ಹೆಸರಿಟ್ಟಿದ್ದ. 1879ರಲ್ಲಿ ಜರ್ಮನಿಯ ಉರ್ಬನ್ ಅದನ್ನು ಸೆಂಟೆಲ್ಲ ಕುಲಕ್ಕೆ ಸೇರಿಸಿದ. ಸೆಂಟೆಲ್ಲ ಏಷ್ಯಾಟಿಕ ಎಂಬ ಹೆಸರೇ ಇವತ್ತಿಗೂ ನಡೆಯುತ್ತಿದೆ.

ಯುರೋಪಿನಲ್ಲಿ ಈ ಕುಟುಂಬದ ಸೊಪ್ಪನ್ನು ಕಾಡಿನಿಂದ ಕಿತ್ತು ತಿನ್ನುವವರಿಗೆ ಜೀವಭಯವಿದೆ. ಸಾಕ್ರಟೀಸ್ ಕುಡಿದ ವಿಷ ಹೆಮ್‌ಲಾಕ್‌ನದು ಎಂದು ಓದಿದ್ದೀರಲ್ಲ, ಅದೂ ಇದೇ ಮನೆತನದ ಗಿಡ. ನೋಟಕ್ಕೆ ಕಾಡು ಕ್ಯಾರೆಟ್‌ನಂತೆಯೇ ಇರುತ್ತದೆ. ನಮ್ಮ ಬಯಲುಸೀಮೆಯ ಗದ್ದೆಗಳಲ್ಲಿ ಆ ಗಿಡವಿಲ್ಲ. ಆದರೂ ಗುರುತು ಹಿಡಿಯುವ ಶಿಸ್ತನ್ನು ನಾವು ಬಿಡಬಾರದು. ನಮಗೆ ಬೇರೆ ರೀತಿಯ ಗೊಂದಲಗಳಿವೆ.

ಒಂದು, ಇಲಿಕಿವಿ. ನೆಲಕ್ಕೆ ಹಬ್ಬುತ್ತದೆ, ಎಲೆಯ ಆಕಾರವೂ ಹತ್ತಿರ ಹತ್ತಿರ. ಕೆಲವು ಊರುಗಳಲ್ಲಿ ಒಂದೆಲಗವನ್ನೇ ಇಲಿಕಿವಿ ಎನ್ನುವುದರಿಂದ ಗೊಂದಲ ಇನ್ನೂ ಹೆಚ್ಚು. ಆದರೆ ಆ ಬಳ್ಳಿಯ ಹೂವು ಹಳದಿ, ಹಿಸುಕಿದರೆ ಕೊತ್ತಂಬರಿಯ ನೆನಪು ಬರುವುದಿಲ್ಲ. ಎರಡು, ನೀರು ಬ್ರಾಹ್ಮಿ. ಒಂದೆಲಗಕ್ಕೂ ಬ್ರಾಹ್ಮಿ ಎನ್ನುತ್ತಾರೆ, ಅದಕ್ಕೂ ಬ್ರಾಹ್ಮಿ ಎನ್ನುತ್ತಾರೆ. ಕೇರಳದಲ್ಲಿ ಬ್ರಾಹ್ಮಿ ಎಂದರೆ ಅದು, ಉತ್ತರ ಭಾರತದ ಹಲವೆಡೆ ಬ್ರಾಹ್ಮಿ ಎಂದರೆ ಇದು. ನೀರು ಬ್ರಾಹ್ಮಿಯ ಎಲೆ ಪುಟ್ಟದು, ದಪ್ಪ, ಕಾಂಡದ ಮೇಲೆ ಎದುರುಬದುರಾಗಿ ಜೋಡಿಜೋಡಿಯಾಗಿ ಕೂತಿರುತ್ತದೆ. ಮೂರನೆಯದು ನನಗೇ ಆದ ಅನುಭವ. ಮೈಸೂರಿನ ಒಂದು ನರ್ಸರಿಯಲ್ಲಿ ಬ್ರಾಹ್ಮಿ ಎಂದು ಚೀಟಿ ಅಂಟಿಸಿದ ಕುಂಡವೊಂದನ್ನು ಕೊಟ್ಟರು. ದುಂಡಗಿನ, ಹೊಳೆಯುವ ಎಲೆ, ಪುಟ್ಟ ತಾವರೆ ಎಲೆಯಂತೆ. ತೊಟ್ಟು ಎಲೆಯ ಹಿಂಬದಿಯ ನಟ್ಟನಡುವೆ ಸೇರಿತ್ತು. ಅದು ಅಂದಕ್ಕೆ ಬೆಳೆಸುವ ಬೇರೆಯೇ ಸಸ್ಯ. ಅಡುಗೆಗೆಂದು ಕೊಂಡೊಯ್ಯುವವರು ಅದನ್ನು ಅರೆದು ಮಕ್ಕಳಿಗೆ ಕುಡಿಸುತ್ತಾರೆಂದು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ನಿಮ್ಮ ಕೈಯಲ್ಲಿರುವ ಎಲೆಯನ್ನು ತಿರುಗಿಸಿ ನೋಡಿ. ತೊಟ್ಟು ಅಂಚಿನ ಸೀಳಿನಲ್ಲಿ ಸೇರುತ್ತದೆ. ಆ ಸೀಳಿನಿಂದಾಗಿ ಎಲೆಗೆ ಮೂತ್ರಪಿಂಡದ ಆಕಾರ ಬಂದಿದೆ, ಅಂಚಿನುದ್ದಕ್ಕೂ ದುಂಡು ಹಲ್ಲುಗಳಿವೆ. ಉದ್ದ ತೊಟ್ಟು, ಒಂದು ತೊಟ್ಟಿಗೆ ಒಂದೇ ಎಲೆ. ಹೆಸರಿನಲ್ಲೇ ಗುರುತು ಇಟ್ಟಿದ್ದಾರೆ ನಮ್ಮವರು.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ನನ್ನ ತವರು ಪಾಂಡವಪುರ ತಾಲ್ಲೂಕಿನ ಒಂದು ನಾಲಾಬಯಲಿನ ಊರು. ಭತ್ತದ ಕಳೆ ಕೀಳಲು ಹೋದ ಹೆಂಗಸರು ಸಂಜೆ ಬರುವಾಗ ಬರಿಗೈಯಲ್ಲಿ ಬರುತ್ತಿರಲಿಲ್ಲ. ಮಡಿಲಲ್ಲಿ ಬೆರಕೆ ಸೊಪ್ಪು ಇರುತ್ತಿತ್ತು. ಅಣ್ಣೆ, ಹೊನಗೊನ್ನೆ, ಗಣಿಕೆ, ಕನ್ನೆ, ಅದರ ನಡುವೆ ಒಂದು ಹಿಡಿ ಒಂದೆಲಗ. ರಾತ್ರಿ ಬಸ್ಸಾರು, ಮುದ್ದೆ. ಒಂದೆಲಗ ಒಂದೇ ಇದ್ದರೆ ಕಹಿ, ಒಗರು. ಬೆರಕೆಯಲ್ಲಿ ಅದರ ಒಗರು ಸಾರಿನ ರುಚಿಗೆ ಒಂದು ಬಿಗಿ ಕೊಡುತ್ತಿತ್ತು.

ಅಜ್ಜಿ ಕೀಳುವ ಕ್ರಮವನ್ನು ನಾನು ಕುಕ್ಕರಗಾಲಿನಲ್ಲಿ ಕೂತು ನೋಡಿದ್ದೇನೆ. ಎಡಗೈಯಿಂದ ನೆಲದ ಮೇಲಿನ ಬಳ್ಳಿಯನ್ನು ಮೆತ್ತಗೆ ಅದುಮಿ ಹಿಡಿಯುತ್ತಿದ್ದರು. ಬಲಗೈಯ ಹೆಬ್ಬೆರಳಿನ ಉಗುರಿನಿಂದ ತೊಟ್ಟನ್ನು ಬುಡದ ಹತ್ತಿರ ಚಿವುಟುತ್ತಿದ್ದರು. ಹಾಗೆ ಹಿಡಿಯದೆ ಎಳೆದರೆ ಇಡೀ ಬಳ್ಳಿ ಬೇರುಸಮೇತ ಎದ್ದುಬರುತ್ತದೆ. ಈ ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತ ಮುಂದೆ ಹೋಗುವಂಥದ್ದು, ಒಂದೊಂದು ಗೆಣ್ಣೂ ಒಂದೊಂದು ಸಂಸಾರ. ಗೆಣ್ಣಿಗೆ ಒಂದೋ ಎರಡೋ ಬಲಿತ ಎಲೆ ತೆಗೆದು, ಎಳೆಯದನ್ನು ಬಿಟ್ಟು, ಮುಂದಿನ ಗೆಣ್ಣಿಗೆ ಹೋಗುತ್ತಿದ್ದರು. ಅದೇ ಜಾಗಕ್ಕೆ ಹದಿನೈದು ದಿನ ಕೈ ಹಾಕುತ್ತಿರಲಿಲ್ಲ.

ಒಂದು ದಿನ ನಾನೇ ಕಿತ್ತು ತರುತ್ತೇನೆಂದು ಹಟ ಹಿಡಿದು ಹೋದೆ. ದನ ಮೀಯಿಸುವ ಕಟ್ಟೆಯ ಕೆಳಗೆ ಸೊಂಪಾಗಿ ಹಬ್ಬಿತ್ತು. ಅಂಗೈಯಗಲದ ಎಲೆಗಳು. ಲಂಗದ ತುಂಬ ತುಂಬಿಕೊಂಡು ಬಂದೆ. ಅಜ್ಜಿ ಒಂದು ಎಲೆ ಎತ್ತಿ ಹಿಂಬದಿ ನೋಡಿದರು. ಅಲ್ಲೊಂದು ಪುಟ್ಟ ಬಸವನಹುಳು ಅಂಟಿಕೊಂಡಿತ್ತು. "ಯಾವ ಬದುವಿನದು ಕೂಸೇ?" ಎಂದರು. ಹೇಳಿದೆ. ಒಂದೂ ಮಾತಾಡದೆ ಇಡೀ ಸೊಪ್ಪನ್ನು ತಿಪ್ಪೆಗೆ ಹಾಕಿದರು. ನಾನು ಅತ್ತೆ. "ದನ ನಿಂತ ನೀರಿನ ಸೊಪ್ಪು ಹೊಟ್ಟೆಗೆ ಹೋದರೆ ಹೊಟ್ಟೆಯನ್ನೇ ಹಿಡಿಯುತ್ತದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಹತ್ತು ವರ್ಷಗಳಾದ ಮೇಲೆ ಕಾಲೇಜಿನಲ್ಲಿ ಫ್ಯಾಸಿಯೋಲ ಎಂಬ ಚಪ್ಪಟೆ ಹುಳುವಿನ ಜೀವನಚಕ್ರವನ್ನು ಓದಿದಾಗ ಆ ತಿಪ್ಪೆ ಕಣ್ಣ ಮುಂದೆ ಬಂತು. ದನದ ಪಿತ್ತಜನಕಾಂಗದಲ್ಲಿ ಬದುಕುವ ಹುಳು ಅದು. ಮೊಟ್ಟೆ ಸಗಣಿಯೊಡನೆ ನೀರಿಗೆ ಬೀಳುತ್ತದೆ, ಮರಿ ಬಸವನಹುಳುವಿನ ಒಳಹೊಕ್ಕು ಬೆಳೆಯುತ್ತದೆ, ಹೊರಬಂದು ನೀರಂಚಿನ ಎಲೆಗಳಿಗೆ ಅಂಟಿ ಗೂಡು ಕಟ್ಟಿಕೊಳ್ಳುತ್ತದೆ. ಸಾಸಿವೆಯ ಕಾಲುಭಾಗದಷ್ಟೂ ಇಲ್ಲದ ಗೂಡು. ಆ ಎಲೆಯನ್ನು ದನ ಮೇಯ್ದರೆ ದನಕ್ಕೆ, ನಾವು ಹಸಿಯಾಗಿ ತಿಂದರೆ ನಮಗೆ. ತೊಳೆದರೆ, ಉಪ್ಪುನೀರಿನಲ್ಲಿ ನೆನೆಸಿದರೆ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಅಜ್ಜಿಗೆ ಹುಳುವಿನ ಹೆಸರು ಗೊತ್ತಿರಲಿಲ್ಲ. ದನ, ನೀರು, ಬಸವನಹುಳು, ಹೊಟ್ಟೆನೋವು, ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸುವಷ್ಟು ಮಾತ್ರ ಗೊತ್ತಿತ್ತು.

ಇವತ್ತು ಅಜ್ಜಿ ಇದ್ದಿದ್ದರೆ ಅವರ ಪ್ರಶ್ನೆಗೆ ಇನ್ನೂ ಎರಡು ಉತ್ತರಗಳನ್ನು ಸೇರಿಸಬೇಕಾಗಿತ್ತು. ಮೊದಲನೆಯದು ಚರಂಡಿ. ಮೈಸೂರಿನ ಹೊರವಲಯದಲ್ಲಿ, ಬಡಾವಣೆಗಳ ಕೊಳಚೆ ಕೆರೆಯ ಕಾಲುವೆಗೆ ಸೇರುವ ಒಂದು ತಾಣದಲ್ಲಿ, ನಾನು ಜೀವಮಾನದಲ್ಲಿ ಕಂಡ ಅತ್ಯಂತ ಚೆಂದದ ಒಂದೆಲಗವನ್ನು ಕಂಡೆ. ಕಡುಹಸಿರು, ಗೇಣುದ್ದದ ತೊಟ್ಟು. ಮುಟ್ಟದೆ ಬಂದೆ. ಈ ಸಸ್ಯ ತಾನು ನಿಂತ ಮಣ್ಣು, ನೀರುಗಳಲ್ಲಿರುವ ಸೀಸದಂತಹ ಭಾರಲೋಹಗಳನ್ನು ಹೀರಿ ಮೈಯಲ್ಲಿ ಸೇರಿಸಿಕೊಳ್ಳುತ್ತದೆ ಎಂದು ಸಂಶೋಧನೆಗಳು ತೋರಿಸಿವೆ. ಬೇಯಿಸಿದರೆ ಹುಳು ಸಾಯುತ್ತದೆ, ಸೀಸ ಸಾಯುವುದಿಲ್ಲ. ಹೆದ್ದಾರಿಯ ಪಕ್ಕ, ಕಾರ್ಖಾನೆಯ ಕೆಳಗೆ, ಚರಂಡಿಯ ಅಂಚಿನಲ್ಲಿ ಬೆಳೆದದ್ದು ಎಷ್ಟೇ ಸೊಂಪಾಗಿರಲಿ, ನಮಗಲ್ಲ.

ಎರಡನೆಯದು ಕಳೆನಾಶಕ. ಕೂಲಿಯಾಳು ಸಿಗುವುದಿಲ್ಲವೆಂದು ಬದುವಿಗೆ ಗ್ಲೈಫೋಸೇಟ್ ಹೊಡೆಯುವುದು ರೂಢಿಯಾಗಿದೆ. ರೈತನನ್ನು ನಾನು ದೂರುವುದಿಲ್ಲ, ಅವನ ಕಷ್ಟ ನನ್ನ ಅಣ್ಣನ ಮನೆಯಲ್ಲೇ ಇದೆ. ಆದರೆ ಸೊಪ್ಪು ಕೀಳುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಹೊಡೆದ ಮರುದಿನವೇ ಗಿಡ ಒಣಗುವುದಿಲ್ಲ. ಹಲವು ದಿನ ಹಸಿರಾಗಿಯೇ ಇರುತ್ತದೆ, ಆಮೇಲೆ ಹಳದಿಗೆ ತಿರುಗುತ್ತದೆ. ಆ ನಡುವಿನ ದಿನಗಳಲ್ಲಿ ಕಣ್ಣು ಮೋಸಹೋಗುತ್ತದೆ, ಮೂಗು ಕೂಡ. ಹೊಲದವರನ್ನು ಕೇಳದೆ ಬದುವಿಗೆ ಕೈ ಹಾಕಬೇಡಿ. ಕೇಳುವುದು ಮರ್ಯಾದೆಯೂ ಹೌದು.

ಅಡುಗೆಯ ವಿಷಯಕ್ಕೆ ಬಂದರೆ, ಗದ್ದೆಯಿಂದ ತಂದದ್ದನ್ನು ಬೇಯಿಸಿಯೇ ತಿನ್ನಿ. ಬಸ್ಸಾರಿಗೆ, ಮಸ್ಸೊಪ್ಪಿಗೆ ಬೆರಸಿ. ಕರಾವಳಿ, ಮಲೆನಾಡಿನವರು ಮಾಡುವ ಹಸಿ ತಂಬುಳಿಯ ಆಸೆಯಿದ್ದರೆ ಮನೆಯ ತೊಟ್ಟಿಯಲ್ಲಿ ಬೆಳೆದ ಎಲೆಯನ್ನೇ ಬಳಸಿ. ಹತ್ತು ಹದಿನೈದು ಎಲೆ ಸಾಕು. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಹಿಡಿ ತೆಂಗಿನತುರಿಯೊಂದಿಗೆ ಎಲೆಯನ್ನು ನುಣ್ಣಗೆ ಅರೆದು, ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ, ಉಪ್ಪು ಹಾಕಿ. ಒಗ್ಗರಣೆಗೆ ಸಾಸಿವೆ, ಚೂರು ಇಂಗು. ಇದನ್ನು ಕುದಿಸಬಾರದು. ಒಂದೆಲಗ, ಜೀರಿಗೆ, ಇಂಗು, ಮೂವರು ನೆಂಟರು ಒಂದೇ ಪಾತ್ರೆಯಲ್ಲಿ ಸೇರಿದಾಗ ಆ ಘಮದ ಹೊಂದಾಣಿಕೆ ನಿಮಗೇ ತಿಳಿಯುತ್ತದೆ. ಶ್ರೀಲಂಕಾದಲ್ಲಿ ಇದೇ ಸೊಪ್ಪಿಗೆ ಗೊಟುಕೊಲ ಎನ್ನುತ್ತಾರೆ, ತೆಂಗಿನತುರಿ, ಈರುಳ್ಳಿ, ನಿಂಬೆರಸ ಬೆರಸಿ ಅನ್ನದ ಜೊತೆ ತಿನ್ನುತ್ತಾರೆ.

ಔಷಧದ ಬಗ್ಗೆ ಕೇಳಿಯೇ ಕೇಳುತ್ತೀರಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದರೆ ಸಾಕು, ತಾಯಂದಿರು ಒಂದೆಲಗ ಹುಡುಕುತ್ತಾರೆ. ಚರಕಸಂಹಿತೆಯಲ್ಲಿ ಹೇಳಿರುವ ನಾಲ್ಕು ಮೇಧ್ಯ ರಸಾಯನಗಳಲ್ಲಿ, ಅಂದರೆ ಬುದ್ಧಿ ಹೆಚ್ಚಿಸುವ ಔಷಧಗಳಲ್ಲಿ, ಮಂಡೂಕಪರ್ಣಿಯ, ಅಂದರೆ ನಮ್ಮ ಒಂದೆಲಗದ, ರಸವೂ ಒಂದು, ಪರಂಪರೆ ಅಷ್ಟು ಹಳೆಯದು. ಆದರೆ ಆಧುನಿಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ ನೆನಪಿನಂತಹ ಬುದ್ಧಿಶಕ್ತಿಯ ಮೇಲೆ ಸ್ಪಷ್ಟ ಪರಿಣಾಮ ಕಂಡುಬರಲಿಲ್ಲ. ಗಾಯ ಮಾಯುವ ವಿಷಯದಲ್ಲಿ ಇದರಲ್ಲಿರುವ ಏಷ್ಯಾಟಿಕೊಸೈಡ್ ಎಂಬ ಅಂಶಕ್ಕೆ ಹೆಚ್ಚಿನ ಆಧಾರವಿದೆ, ಮುಲಾಮುಗಳಲ್ಲಿ ಬಳಸುತ್ತಾರೆ. ಈಗಿನ ಹುಡುಗಿಯರು ಕೊಳ್ಳುವ ಸಿಕಾ ಎಂಬ ಕ್ರೀಮಿನಲ್ಲಿರುವುದೂ ಇದರ ಸಾರವೇ. ಸೊಪ್ಪಾಗಿ ವಾರಕ್ಕೆ ಒಂದೆರಡು ಬಾರಿ ತಿನ್ನುವುದಕ್ಕೂ ಸಾರವನ್ನು ಮಾತ್ರೆಯಾಗಿ ತಿಂಗಳುಗಟ್ಟಲೆ ನುಂಗುವುದಕ್ಕೂ ವ್ಯತ್ಯಾಸವಿದೆ. ಹಾಗೆ ನುಂಗಿದ ಕೆಲವರಲ್ಲಿ ಪಿತ್ತಜನಕಾಂಗಕ್ಕೆ ತೊಂದರೆಯಾದದ್ದು ವರದಿಯಾಗಿದೆ. ಬಸುರಿಯರು, ಕಾಮಾಲೆಯವರು ವೈದ್ಯರನ್ನು ಕೇಳದೆ ಔಷಧವೆಂದು ತೆಗೆದುಕೊಳ್ಳಬಾರದು.

ಇನ್ನೊಂದು ಮಾತು ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ನಾಲೆಗಳಿಗೆ ಕಾಂಕ್ರೀಟ್ ಹೊದಿಸಿದ ಕಡೆ ಸೋರಿಕೆ ನಿಂತಿದೆ. ಕೊನೆಯ ಭಾಗದ ರೈತನಿಗೆ ನೀರು ಮುಟ್ಟಬೇಕಾದರೆ ಆ ಕೆಲಸ ಆಗಲೇಬೇಕು. ಆದರೆ ಆ ಸೋರಿಕೆಯ ಜೌಗಿನಲ್ಲೇ ನಮ್ಮ ಒಂದೆಲಗ, ಹೊನಗೊನ್ನೆ ಬದುಕಿದ್ದವು. ಹೋದ ವರ್ಷ ತವರಿಗೆ ಹೋದಾಗ ಅಜ್ಜಿಯ ಹೊಂಗೆಮರದ ಬದುವಿನಲ್ಲಿ ಒಂದೂ ಎಲೆ ಇರಲಿಲ್ಲ, ನೆಲ ಬಿರಿದಿತ್ತು. ಊರಿಗೊಂದು ತೇವದ ಮೂಲೆಯನ್ನು, ತೋಟದ ಬಾವಿಯ ಪಕ್ಕವೋ ತೆಂಗಿನ ನೆರಳಲ್ಲೋ, ವಿಷ ಹೊಡೆಯದೆ, ದನ ಬಿಡದೆ ಉಳಿಸಿಕೊಳ್ಳಲು ನಮ್ಮಿಂದ ಸಾಧ್ಯವಿದೆ. ನನ್ನ ಅಣ್ಣ ಕೊಳವೆಬಾವಿಯ ತೊಟ್ಟಿಯ ಹಿಂದೆ ಎರಡು ಮಾರು ಜಾಗ ಹಾಗೆ ಬಿಟ್ಟಿದ್ದಾನೆ.

ಬಾಗಿಲ ಬಳಿಯ ಬಿದಿರು ತಟ್ಟೆಯಲ್ಲಿ ಬೇರು ಬಿಟ್ಟ ಗೆಣ್ಣುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಮನೆಗೆ ಎರಡೆರಡು ತೆಗೆದುಕೊಳ್ಳಿ. ಅಗಲ ಬಾಯಿಯ ತೊಟ್ಟಿಗೆ ಕೆಮ್ಮಣ್ಣು, ಹಳೆಯ ಗೊಬ್ಬರ ಹಾಕಿ, ಗೆಣ್ಣನ್ನು ಮಲಗಿಸಿ ಬೇರು ಮಾತ್ರ ಮುಚ್ಚಿ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನ ನೆರಳಿರಲಿ, ಮಣ್ಣು ಒಣಗದಿರಲಿ. ಮೊದಲ ಒಂದೂವರೆ ತಿಂಗಳು ಎಲೆ ಕೀಳಬೇಡಿ.

ನಿಮ್ಮ ಕೈಯಲ್ಲಿರುವ ಎಲೆ ನನ್ನ ಮನೆಯ ತಾರಸಿಯದು. ಕುಡಿಯುವ ನಲ್ಲಿನೀರಿನಲ್ಲಿ ಬೆಳೆದದ್ದು, ಬೆಳಿಗ್ಗೆ ಆರು ಗಂಟೆಗೆ ಚಿವುಟಿ ಮೂರು ನೀರಿನಲ್ಲಿ ತೊಳೆದು ತಂದದ್ದು. ಈಗ ಬಾಯಿಗೆ ಹಾಕಿಕೊಳ್ಳಿ.